ಓದುಗರ ಪ್ರಶ್ನೆ, ನಮ್ಮ ಉತ್ತರ: ತೊಟ್ಟಿ ಮನೆ ಒಳಗೆ ಯಾಕೆ ಕತ್ತಲೆ?

ಹೋದ ಸಂಚಿಕೇಲಿ ಕುಪ್ಪಳಿ ಕವಿಮನೆಯ, ಅಂದ್ರೆ ಕುವೆಂಪು ಬೆಳೆದ, ಈಗ ಮ್ಯೂಸಿಯಂ ಆಗಿರೋ ಮನೆಯ ಒಂದು ಫೋಟೋ ಹಾಕಿದ್ವಿ, ಒಳ ಅಂಗಳದ ಮೂಲೇಲಿ ನಿಂತು ತೆಗೆದಿದ್ದು, ಕಂಬಗಳೆಲ್ಲ ಸಾಲಾಗಿ ಕಾಣೋ ಥರ. ಅದರ ಕೆಳಗೆ ನಾನು ಬರೆದಿದ್ದು ಎರಡೇ ಸಾಲು. ಅದಕ್ಕೆ ಇಷ್ಟು ಪತ್ರ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ವಾಟ್ಸಾಪಲ್ಲಿ ಬಂದಿದ್ದು ಬೇರೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಬರೀ ಮನೆ ಬಗ್ಗೆ ಬಂದಿದ್ದನ್ನೇ ತಗೊಂಡಿದೀನಿ. ನಾನು ಹುಟ್ಟಿದ್ದೂ ತೀರ್ಥಹಳ್ಳಿ ಸೀಮೆಯ ಒಂದು ತೊಟ್ಟಿ ಮನೇಲೇ, ಮಧ್ಯದಲ್ಲಿ ತೆರೆದ ಅಂಗಳ ಇರೋ ಮನೇಲಿ, ಅದರಿಂದ ಓದಿ ತಿಳ್ಕೊಂಡಿದ್ದಕ್ಕಿಂತ ಬಗ್ಗಿ ಗುಡಿಸಿ ತಿಳ್ಕೊಂಡಿದ್ದೇ ಇಲ್ಲಿ ಜಾಸ್ತಿ ಬರುತ್ತೆ.

ಪ್ರಶ್ನೆ: ಅಕ್ಕಾ, ಮಕ್ಕಳನ್ನ ಕರ್ಕೊಂಡು ಕುಪ್ಪಳಿಗೆ ಹೋಗಿದ್ವಿ. ಮನೆ ತುಂಬ ಚೆನ್ನಾಗಿದೆ, ಆದ್ರೆ ಕೋಣೆಗಳ ಒಳಗೆ ಹಗಲಲ್ಲೇ ಕತ್ತಲೆ. ಇಷ್ಟು ದೊಡ್ಡ ಮನೆ ಕಟ್ಟಿದವರಿಗೆ ಕಿಟಕಿ ದೊಡ್ಡದು ಇಡೋಕೆ ಆಗ್ತಿರ್ಲಿಲ್ವಾ ಅಂತ ಮಗಳು ಕೇಳಿದ್ಲು, ನನಗೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ಇನ್ನೊಂದು, ಮಧ್ಯದಲ್ಲಿ ಮಾತ್ರ ಆಕಾಶ ಕಾಣೋ ಹಾಗೆ ಬಿಟ್ಟಿದಾರಲ್ಲ, ಮಳೆ ಮನೆ ಒಳಗೇ ಬೀಳಲ್ವಾ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಬೀಳುತ್ತೆ ತಾಯಿ, ಮನೆ ಒಳಗೇ ಬೀಳುತ್ತೆ, ಬೀಳ್ಲಿ ಅಂತಾನೇ ಹಾಗೆ ಕಟ್ಟಿದ್ದು.

ನಿಮ್ಮ ಮಗಳ ಪ್ರಶ್ನೆ ಬಹಳ ಒಳ್ಳೇದು. ಮೊದಲು ಅವಳಿಗೆ ನಿಮ್ಮೂರಿನ ಹಳೇ ಮಾಳಿಗೆ ಮನೆ ತೋರಿಸಿ, ಮಣ್ಣಿನ ಮಟ್ಟಸ ಮಾಳಿಗೆ, ಮೇಲೆ ಒಂದು ಬೆಳಕಿಂಡಿ. ನಿಮ್ಮ ಕಡೆ ವರ್ಷಕ್ಕೆ ಬರೋದು 600-700 ಮಿಲಿಮೀಟರ್ ಮಳೆ, ಅಷ್ಟಕ್ಕೆ ಆ ಮಾಳಿಗೆ ತಡ್ಕೊಳ್ಳುತ್ತೆ. ಆಮೇಲೆ ಅವಳಿಗೆ ಆಗುಂಬೆ ಲೆಕ್ಕ ಹೇಳಿ, ಅಲ್ಲಿ ಸರಾಸರಿ 7000 ಮಿಲಿಮೀಟರಿಗೂ ಮೇಲೆ, ಅಂದ್ರೆ ನಿಮಗೆ ಹತ್ತು ವರ್ಷಕ್ಕೆ ಬರೋ ಮಳೆ ಅವರಿಗೆ ಒಂದೇ ವರ್ಷಕ್ಕೆ, ಅದ್ರಲ್ಲೂ ಮುಕ್ಕಾಲು ಪಾಲು ಜೂನಿಂದ ಸೆಪ್ಟೆಂಬರ್ ಒಳಗೆ. ಕುಪ್ಪಳಿಗೆ ಆಗುಂಬೆಯಷ್ಟು ಬರದೇ ಇದ್ರೂ ಅದೇ ಘಟ್ಟದ ಸೆರಗಲ್ಲಿರೋ ಊರು ಅದು. ಆರಿದ್ರ ಮಳೆ ಹಿಡೀತು ಅಂದ್ರೆ ಪುನರ್ವಸು, ಪುಷ್ಯ ದಾಟೋ ತನಕ ಬಟ್ಟೆ ಒಣಗಲ್ಲ, ಸೌದೆ ಹತ್ತಲ್ಲ, ಬಿಸಿಲು ಅನ್ನೋದು ಮರ್ತೇ ಹೋಗುತ್ತೆ. ಅಂಥಾ ಕಡೆ ಮನೆ ಕಟ್ಟೋನು ಮೊದಲು ಯೋಚನೆ ಮಾಡೋದು ಈ ನೀರನ್ನ ಎಲ್ಲಿಗೆ ಕಳಿಸ್ಲಿ ಅಂತ. ಬೆಳಕಿನ ಯೋಚನೆ ಆಮೇಲೆ.

ಗೋಡೆ ಯಾವುದರದ್ದು? ಮಣ್ಣಿಂದು. ಮಣ್ಣನ್ನ ತುಳಿದು, ಹುಳಿ ಬರಿಸಿ, ಒಂದೊಂದೇ ವರಸೆ ಏರಿಸ್ತಾ ಹೋಗಿ ಒಂದೂವರೆ ಎರಡು ಅಡಿ ದಪ್ಪಕ್ಕೆ ಕಟ್ಟಿರೋ ಗೋಡೆ ನೂರು ವರ್ಷ ನಿಲ್ಲುತ್ತೆ, ಆದ್ರೆ ನೀರು ತಾಗಿದ್ರೆ ಒಂದೇ ಮಳೆಗಾಲಕ್ಕೆ ಕರಗುತ್ತೆ. ಅದಕ್ಕೇ ಮಾಡು, ಅಂದ್ರೆ ಮನೆಯ ಚಾವಣಿ, ಅಷ್ಟು ಇಳಿಜಾರು, ಅದಕ್ಕೇ ಸೂರು ಗೋಡೆಯಿಂದ ಅಷ್ಟು ಹೊರಗೆ ಚಾಚಿ, ನಾವು ಕತ್ತು ಬಗ್ಗಿಸಿ ಹೋಗೋ ಅಷ್ಟು ಕೆಳಗೆ ಇಳಿದಿರೋದು. ಗಾಳಿ ಜೊತೆ ಎರಚಲು ಹೊಡೆಯೋ ಪಡುವಣ ದಿಕ್ಕಿನ ಗೋಡೆಗೆ ಮಳೆಗಾಲಕ್ಕೆ ಮೊದಲೇ ಅಡಿಕೆ ಸೋಗೆ ತಟ್ಟಿ ಕಟ್ಟೋರು, ನಾವು ಚಿಕ್ಕವರಿದ್ದಾಗ ಅದು ಮೇ ತಿಂಗಳ ಕೆಲಸ, ಮನೆಗೆ ಕಂಬಳಿ ಹೊದಿಸಿದ ಹಾಗೆ ಕಾಣ್ತಿತ್ತು. ಹೀಗಿರೋವಾಗ ಹೊರಗೋಡೆಗೆ ದೊಡ್ಡ ಕಿಟಕಿ ಇಟ್ರೆ ಏನಾಗುತ್ತೆ? ಎರಚಲು ಸೀದಾ ಒಳಗೆ ಬರುತ್ತೆ, ಗೋಡೆ ಸಡಿಲ ಆಗುತ್ತೆ, ಜೊತೆಗೆ ಸುತ್ತ ಕಾಡು, ಹುಲಿ ಚಿರತೆ ಓಡಾಡ್ತಿದ್ದ ಕಾಲ ಬೇರೆ. ಹೊರಗಡೆಗೆ ಮನೆ ಕಣ್ಣು ಮುಚ್ಚಿಕೊಂಡಿರುತ್ತೆ.

ಒಳಗಡೆಗೆ ಕಣ್ಣು ಬಿಡುತ್ತೆ. ಅದೇ ತೊಟ್ಟಿ. ನಾಲ್ಕೂ ದಿಕ್ಕಿನ ಮಾಡು ಒಳಗಡೆಗೂ ಇಳಿದು ಬಂದು ಮಧ್ಯದಲ್ಲಿ ಚೌಕಾಕಾರಕ್ಕೆ ಆಕಾಶ ಬಿಡುತ್ತೆ, ಬೆಳಕೂ ಅಲ್ಲಿಂದ, ಗಾಳಿಯೂ ಅಲ್ಲಿಂದ. ಒಲೆ ಹೊಗೆ, ದನದ ಕೊಟ್ಟಿಗೆ ವಾಸನೆ, ಮೂವತ್ತು ನಲವತ್ತು ಜನದ ಉಸಿರು ಎಲ್ಲ ಮೇಲಕ್ಕೆ ಹೋಗೋದೂ ಅಲ್ಲಿಂದಾನೇ. ಅಂಗಳ ಸುತ್ತಲಿನ ಜಗಲಿಗಿಂತ ಎರಡು ಮೂರು ಅಡಿ ತಗ್ಗಲ್ಲಿರುತ್ತೆ, ಕಲ್ಲು ಹಾಸಿರುತ್ತೆ, ಒಂದು ಮೂಲೆಗೆ ಸ್ವಲ್ಪವೇ ಸ್ವಲ್ಪ ಇಳಿಜಾರು, ಆ ಮೂಲೇಲಿ ಒಂದು ಕಂಡಿ. ಅಲ್ಲಿಂದ ನೀರು ನೆಲದಡಿಯ ಕಾಲುವೇಲಿ ಮನೆ ದಾಟಿ ಹೊರಗೆ ಹೋಗಿ ತೋಟ ಸೇರುತ್ತೆ. ನಾಲ್ಕು ಮಾಡಿನ ಅರ್ಧ ನೀರು ಆ ಒಂದು ಕಂಡೀಲಿ ಹೋಗ್ಬೇಕು, ಎಲೆ ಕಸ ಸಿಕ್ಕಿ ಕಟ್ಕೊಂಡ್ರೆ ರಾತ್ರೋರಾತ್ರಿ ಅಂಗಳ ಕೆರೆ ಆಗುತ್ತೆ. ನಮ್ಮಜ್ಜಿ ಮಳೆಗಾಲದಲ್ಲಿ ಮಲಗೋಕೆ ಮುಂಚೆ ದೇವರಿಗೆ ಕೈ ಮುಗಿದ ಮೇಲೆ ಲಾಟೀನು ಹಿಡ್ಕೊಂಡು ಹೋಗಿ ಆ ಕಂಡಿಗೆ ಕೈ ಹಾಕಿ ನೋಡ್ದೇ ಮಲಗಿದ್ದಿಲ್ಲ. ಮುಂದಿನ ಸಲ ನೀವು ತೊಟ್ಟಿ ಮನೆಗೆ ಹೋದಾಗ ಕೆತ್ತನೆ ನೋಡೋದಕ್ಕೆ ಮೊದಲು ಮಗಳಿಗೆ ಆ ಕಂಡಿ ಹುಡುಕೋಕೆ ಹೇಳಿ.

ಇನ್ನು ಕತ್ತಲೆ. ಕೋಣೆ ಅನ್ನೋದು ಆಗ ಕೂರೋ ಜಾಗ ಆಗಿರ್ಲಿಲ್ಲ. ಪೆಟ್ಟಿಗೆ, ಪಾತ್ರೆ, ಹಾಸಿಗೆ ಇಡೋಕೆ, ಬಾಣಂತಿಗೆ, ರಾತ್ರಿ ಮಲಗೋಕೆ. ಹಗಲು ಬದುಕೋದೆಲ್ಲ ಜಗಲೀಲಿ. ಅಡಿಕೆ ಸುಲಿಯೋದು, ಎಲೆ ಅಡಿಕೆ ಹಾಕೋದು, ಲೆಕ್ಕ ಬರೆಯೋದು, ಮಗೂಗೆ ಎಣ್ಣೆ ಹಚ್ಚೋದು, ನೆಂಟರ ಜೊತೆ ಮಾತು, ಜಗಳ, ಎಲ್ಲ. ನೀವು ಕೋಣೆ ಒಳಗೆ ನಿಂತು ನೋಡಿದ್ರಿ, ಅದಕ್ಕೇ ಕತ್ತಲೆ ಅನ್ನಿಸ್ತು. ಜಗಲಿ ಮೇಲೆ ಕೂತು ನೋಡಿದ್ರೆ ಮೈಮೇಲೆ ಬಿಸಿಲು ಬೀಳದ ಹಾಗೆ, ಓದೋಕೆ ಸಾಕಾಗೋ ಹಾಗೆ, ಬೆಳಗ್ಗೆಯಿಂದ ಸಂಜೆ ತನಕ ಒಂದೇ ಹದದ ಬೆಳಕು ಇರುತ್ತೆ. ಆ ಬೆಳಕು ನನಗೆ ಆಮೇಲೆ ಯಾವ ಮನೇಲೂ ಸಿಕ್ಕಿಲ್ಲ.

ಪ್ರಶ್ನೆ: ಮೇಡಮ್, ಅಷ್ಟು ಭಾರದ ಮೂರು ಅಂತಸ್ತಿನ ಮನೆ ಬರೀ ಮರದ ಕಂಬದ ಮೇಲೆ ಹೇಗೆ ನಿಲ್ಲುತ್ತೆ? ಮೊಳೆ ಹೊಡೀದೇ ಕಟ್ತಿದ್ರು ಅಂತ ಕೇಳಿದೀನಿ, ನಿಜಾನಾ? ಯಾವ ಮರ ಬಳಸ್ತಿದ್ರು? ನಾನು ಸಿವಿಲ್ ಡಿಪ್ಲೊಮಾ ಓದ್ತಿದೀನಿ.
– ವಿದ್ಯಾರ್ಥಿ, ಭದ್ರಾವತಿ

ಉತ್ತರ: ಕಬ್ಬಿಣದ ಮೊಳೆ ಇಲ್ದೇ ಮುಖ್ಯ ಚೌಕಟ್ಟು ಕಟ್ತಿದ್ದಿದ್ದು ನಿಜಾನೇ ಕಣಪ್ಪ. ಕೆಳಗಿಂದ ಮೇಲಕ್ಕೆ ನೋಡ್ತಾ ಹೋಗು. ಮೊದಲು ಒಂದು ಕಲ್ಲಿನ ಪೀಠ, ಯಾಕಂದ್ರೆ ಮರದ ಬುಡ ನೆಲಕ್ಕೆ ತಾಗಿದ್ರೆ ಒರಲೆ ಹಿಡಿಯುತ್ತೆ, ತೇವ ಏರುತ್ತೆ. ಕಲ್ಲಿನ ಮೇಲೆ ಕಂಬ. ಕಂಬದ ತಲೆ ಮೇಲೆ ಎರಡೂ ಕಡೆಗೆ ತೋಳು ಚಾಚಿದ ಹಾಗೆ ಒಂದು ಮರದ ತುಂಡು ಇರುತ್ತಲ್ಲ, ಅದು ಬೋದಿಗೆ. ನೋಡೋರಿಗೆ ಅಲಂಕಾರ, ಅದರ ಮೇಲೆ ಹೂವು ಬಳ್ಳಿ ಕೆತ್ತಿರ್ತಾರೆ, ಆದ್ರೆ ಅದು ಮಾಡೋ ಕೆಲಸ ಏನು ಅಂದ್ರೆ ಮೇಲಿನ ತೊಲೆಗೆ ಆಸರೆ ಅಗಲ ಮಾಡಿ ಕೊಡೋದು, ಎರಡು ಕಂಬದ ಮಧ್ಯೆ ತೊಲೆ ಬಾಗಬೇಕಾದ ದೂರ ಅಷ್ಟು ಕಮ್ಮಿ ಆಗುತ್ತೆ. ನಿಮ್ಮ ಕ್ಲಾಸಲ್ಲಿ ಸ್ಪ್ಯಾನ್ ಅಂತಾರಲ್ಲ ಅದೇ. ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಅಡ್ಡಡ್ಡ ಜಂತೆ, ಜಂತೆ ಮೇಲೆ ಹಲಗೆ ಹಾಸಿ ಅದರ ಮೇಲೆ ಮಣ್ಣು ಹಾಕಿ ಗಟ್ಟಿ ಮಾಡ್ತಾರೆ, ಅದಕ್ಕೆ ಮುಚ್ಚಿಗೆ ಅಂತೀವಿ. ಈ ಮಣ್ಣು ಯಾಕೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಹಂಚು ಬರೋಕೆ ಮುಂಚೆ ಮಾಡಿಗೆ ಹೊದಿಸ್ತಿದ್ದಿದ್ದು ಹುಲ್ಲು, ಸೋಗೆ, ಬೇಸಿಗೇಲಿ ಒಂದು ಕಿಡಿ ಬಿದ್ರೆ ಮುಗೀತು. ಮಾಡು ಉರಿದು ಹೋದ್ರೂ ಮುಚ್ಚಿಗೆ ಮಣ್ಣು ಬೆಂಕಿ ಕೆಳಗಿಳಿಯೋಕೆ ಬಿಡಲ್ಲ, ಜನಕ್ಕೆ ಭತ್ತ ಪೆಟ್ಟಿಗೆ ಹೊರಗೆ ಸಾಗಿಸೋಕೆ ಟೈಮ್ ಸಿಗುತ್ತೆ. ಬೇಸಿಗೇಲಿ ತಂಪು ಅನ್ನೋದು ಅದರ ಜೊತೆಗೆ ಸಿಕ್ಕ ಲಾಭ.

ಜೋಡಣೆ ಹೇಗೆ ಅಂದ್ರೆ ಒಂದು ಮರದ ತುದೀನ ನಾಲಗೆ ಥರ ಕೆತ್ತಿ, ಇನ್ನೊಂದರಲ್ಲಿ ಅದೇ ಅಳತೆಗೆ ತೂತು ಕೊರೆದು ಕೂರಿಸಿ, ಅಡ್ಡಕ್ಕೆ ಮರದ್ದೇ ಗೂಟ ಹೊಡೆಯೋದು. ಕಬ್ಬಿಣ ಈ ತೇವಕ್ಕೆ ತುಕ್ಕು ಹಿಡಿದು ಸುತ್ತಲಿನ ಮರಾನೂ ತಿನ್ನುತ್ತೆ, ಮರದ ಗೂಟ ಮರದ ಜೊತೇನೇ ಮಳೆಗಾಲದಲ್ಲಿ ಉಬ್ಬುತ್ತೆ ಬೇಸಿಗೇಲಿ ಕುಗ್ಗುತ್ತೆ. ಹಾಗೆ ಮಾಡಿದ ಮನೆ ಬಿಚ್ಚಿ ಬೇರೆ ಕಡೆ ಜೋಡಿಸ್ಬಹುದು, ನಮ್ಮ ಕಡೆ ಹಾಗೆ ಹಳೇ ಮನೆ ಕಂಬ ತೊಲೆ ತಂದು ಹೊಸ ಮನೆ ಕಟ್ಟಿದವರು ಎಷ್ಟೋ ಜನ ಇದಾರೆ.

ಮರ ಅಂದ್ರೆ ಹಲಸು ಮೊದಲು, ಬಾಗಿಲಿಗೆ, ಕಂಬಕ್ಕೆ, ಬೋದಿಗೆಗೆ, ಅರಿಶಿನ ಬಣ್ಣದಿಂದ ಶುರುವಾಗಿ ವರ್ಷ ಹೋದ ಹಾಗೆ ಕಂದು ಕಪ್ಪಿಗೆ ತಿರುಗುತ್ತೆ. ಬೀಟೆ, ಸಾಗುವಾನಿ, ಹೊನ್ನೆ, ಮತ್ತಿ, ಕಿರಾಲುಭೋಗಿ ಎಲ್ಲ ಇತ್ತು. ಯಾವ ಮರ ಎಲ್ಲಿಗೆ ಅನ್ನೋದು ಆಚಾರಿಗೆ ಗೊತ್ತಿರ್ತಿತ್ತು, ಮನೆ ಯಜಮಾನಂಗೂ ಗೊತ್ತಿರ್ತಿತ್ತು.

ನೀನು ಓದೋದೇ ಇದನ್ನಾದ್ರಿಂದ ಎರಡು ಕಡೆ ಹೋಗಿ ಬಾ. ಒಂದು, ಶಿವಮೊಗ್ಗದಲ್ಲೇ ತುಂಗಾ ದಡದಲ್ಲಿರೋ ಶಿವಪ್ಪ ನಾಯಕನ ಅರಮನೆ, ಈಗ ಸರ್ಕಾರಿ ಮ್ಯೂಸಿಯಂ. ಹೆಸರು ಕೆಳದಿ ಅರಸ ಶಿವಪ್ಪ ನಾಯಕಂದು, ಅವನು ಆಳಿದ್ದು 1645ರಿಂದ 1660, ಆದ್ರೆ ಈಗ ನಿಂತಿರೋ ಕಟ್ಟಡ 18ನೇ ಶತಮಾನದ್ದು, ಹೈದರಾಲಿ ಕಾಲದ್ದು ಅಂತ ವಾಸ್ತು ಇತಿಹಾಸ ಬರೆದವರು ಹೇಳ್ತಾರೆ. ಹೊರಗಡೆ ಅಂಗಳದಲ್ಲಿ ಇಟ್ಟಿರೋ ಕಲ್ಲಿನ ಶಿಲ್ಪಗಳನ್ನ ನೋಡಿ ಎಲ್ಲರೂ ವಾಪಸ್ ಬರ್ತಾರೆ, ನೀನು ಒಳಗೆ ದರ್ಬಾರ್ ಹಾಲಿಗೆ ಹೋಗಿ ಆ ದಪ್ಪ ಮರದ ಕಂಬಗಳನ್ನ, ಕಂಬದಿಂದ ಕಂಬಕ್ಕೆ ಕಮಾನು ಕೂರಿಸಿರೋದನ್ನ, ಮೇಲಿನ ಅಂತಸ್ತಿನ ಕೋಣೆಗಳಿಂದ ಹಾಲಿನೊಳಗೆ ಇಣುಕೋ ಬಾಲ್ಕನಿಗಳನ್ನ ನೋಡು. ಅರಮನೆ ಆದ್ರೂ ಲೆಕ್ಕಾಚಾರ ನಮ್ಮ ಮನೆಗಳದ್ದೇ, ಮಧ್ಯಕ್ಕೆ ಮುಖ ಮಾಡಿರೋದು, ಸುತ್ತಲಿಂದ ಮಧ್ಯ ನೋಡೋದು.

ಇನ್ನೊಂದು ತೀರ್ಥಹಳ್ಳಿ ತಾಲೂಕಿನ ಕವಲೇದುರ್ಗ. ಅಲ್ಲಿ ಬೆಟ್ಟದ ಮೇಲೆ ಕೆಳದಿ ಅರಸರ ಅರಮನೆ ಇದ್ದ ಜಾಗದಲ್ಲಿ ಮರ ಒಂದು ಚೂರೂ ಉಳಿದಿಲ್ಲ, ಉಳಿದಿರೋದು ಕಲ್ಲಿನ ಜಗತಿ, ಮೆಟ್ಟಿಲು, ಕಂಬ ಕೂರಿಸಿದ ಕಲ್ಲುಗಳು, ಅಡುಗೆಮನೆಯ ಕಲ್ಲಿನ ಒಲೆ, ಸ್ನಾನದ ಮನೆ. ಶಿವಮೊಗ್ಗದಲ್ಲಿ ಕಂಬ ನೋಡ್ಕೊಂಡು ಹೋದ್ರೆ ಕವಲೇದುರ್ಗದ ಖಾಲಿ ಕಲ್ಲುಗಳ ಮೇಲೆ ಮನಸಲ್ಲೇ ಮನೆ ಕಟ್ಬಹುದು, ಇಲ್ಲಿ ಜಗಲಿ, ಇಲ್ಲಿ ಅಂಗಳ, ಇಲ್ಲಿ ನೀರು ಹೋಗೋ ದಾರಿ ಅಂತ. ಒಂದು ಪೇಪರ್ ತಗೊಂಡು ಹೋಗಿ ನಕ್ಷೆ ಬರಿ, ಆಮೇಲೆ ನನಗೂ ಒಂದು ಕಾಪಿ ಕಳಿಸು.

ಪ್ರಶ್ನೆ: ಹಳೇ ಮನೆ ಬಾಗಿಲು ಯಾಕೆ ಅಷ್ಟು ಗಿಡ್ಡ? ಆಗಿನ ಜನ ಗಿಡ್ಡ ಇದ್ರಾ?
– ಸಾಗರದಿಂದ

ಉತ್ತರ: ಜನ ಅಷ್ಟೇನೂ ಗಿಡ್ಡ ಇರ್ಲಿಲ್ಲ. ಮಣ್ಣಿನ ಗೋಡೇಲಿ ದೊಡ್ಡ ತೆರಪು ಬಿಟ್ರೆ ಗೋಡೆ ಶಕ್ತಿ ಕಳ್ಕೊಳ್ಳುತ್ತೆ, ಗಾಳಿ ಮಳೆ ಒಳಗೆ ನುಗ್ಗುತ್ತೆ, ಕಳ್ಳ ಬಂದ್ರೆ ಅವನ ತಲೆ ಮೊದಲು ಒಳಗೆ ಬರ್ಬೇಕು. ಹೊಸ್ತಿಲು ಎತ್ತರ ಇರೋದು ನೀರು, ಹಾವು, ಚೇಳು ಒಳಗೆ ಬರ್ದೇ ಇರ್ಲಿ, ಅಂಬೆಗಾಲಿಡೋ ಮಗು ಹೊರಗೆ ಹೋಗ್ದೇ ಇರ್ಲಿ ಅಂತ. ದೇವರ ಕೋಣೆಗೆ ಬಗ್ಗಿ ಹೋಗ್ಬೇಕು ಅನ್ನೋದು ಇದ್ದೇ ಇದೆ. ಹೆಬ್ಬಾಗಿಲು ಹಾಕಿದ ಮೇಲೆ ಹಿಂದೆ ಗಮನಿಸಿ, ಎರಡೂ ಪಕ್ಕದ ಗೋಡೇಲಿ ತೂತು ಇರುತ್ತೆ, ಒಂದು ಕಡೆಯಿಂದ ಉದ್ದದ ಮರದ ಅಗಣಿ ಎಳೆದು ಇನ್ನೊಂದು ಕಡೆಗೆ ಸೇರಿಸೋದು. ಹೊರಗಿಂದ ಆನೆ ಬಂದು ದೂಡಿದ್ರೂ ಬಾಗಿಲಿನ ಬದಲು ಇಡೀ ಗೋಡೇನೇ ತಡೆಯುತ್ತೆ.

ಪ್ರಶ್ನೆ: ನನ್ನ ತವರು ಕೊಪ್ಪ, ಈಗಿರೋದು ಬೆಂಗಳೂರು. ಮಗನಿಗೆ ಕವಿಮನೆ ತೋರಿಸೋಕೆ ಹೋದಾಗ ಅಲ್ಲಿಟ್ಟ ಸಾಮಾನುಗಳ ಹೆಸರೇ ನನಗೆ ಮರ್ತು ಹೋಗಿತ್ತು, ಬಹಳ ಬೇಜಾರಾಯ್ತು ಅಕ್ಕಾ. ಮಲೆನಾಡ ಮನೆ ಒಳಗೆ ಏನೇನು ಎಲ್ಲೆಲ್ಲಿ ಇರ್ತಿತ್ತು ಅಂತ ಸ್ವಲ್ಪ ಬರೀತೀರಾ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಬೇಜಾರ್ ಮಾಡ್ಕೋಬೇಡ ತಂಗಿ, ಬಾ, ಹೆಬ್ಬಾಗಿಲಿಂದ ಒಟ್ಟಿಗೆ ಒಳಗೆ ಹೋಗೋಣ.

ಹೊರ ಜಗಲಿ ಗೋಡೆಗೆ ಗೂಟ, ಗೂಟಕ್ಕೆ ಕಂಬಳಿ ಕೊಪ್ಪೆ, ಗೊರಬು. ಗೊರಬು ನೆನಪಿದ್ಯಾ? ಬಿದಿರು ಕಡ್ಡಿ ಹೆಣೆದು ಎಲೆ ಹೊದಿಸಿ ಮಾಡಿದ್ದು, ನೆಟ್ಟಿ ಮಾಡೋವಾಗ ಹೆಂಗಸರು ಬೆನ್ನ ಮೇಲೆ ಹಾಕ್ಕೊಂಡು ಬಗ್ಗಿದ್ರೆ ಆಮೆ ಥರ, ಎರಡು ಕೈಯೂ ಖಾಲಿ, ಎಂಥಾ ಮಳೆ ಬಂದ್ರೂ ನೆಟ್ಟಿ ನಿಲ್ತಿರ್ಲಿಲ್ಲ. ಒಳ ಜಗಲೀಲಿ ಮಣೆ, ಚೆನ್ನೆಮಣೆ, ಎಲೆ ಅಡಿಕೆ ತಟ್ಟೆ. ಒಂದು ಪಕ್ಕದಲ್ಲಿ ಭತ್ತದ ಕಣಜ, ಅಳೆಯೋಕೆ ಸೇರು, ಕೊಳಗ. ಇಂಥಾ ಮನೆಗಳಲ್ಲಿ ಕಣಜ ಎಲ್ಲಿದೆ ಅಂತ ನೋಡಿದ್ರೆ ಆ ಮನೆಯ ಜೀವ ಎಲ್ಲಿತ್ತು ಅಂತ ಗೊತ್ತಾಗುತ್ತೆ, ಅದು ಯಾವಾಗ್ಲೂ ತೇವ ತಾಗದ, ಯಜಮಾನನ ಕಣ್ಣಿಗೆ ಬೀಳೋ ಜಾಗ.

ಅಡುಗೆಮನೆ ಹಿಂದಕ್ಕೆ. ಮಣ್ಣಿನ ಒಲೆ, ಪಕ್ಕದಲ್ಲಿ ಮೊಸರು ಕಡೆಯೋ ಕಂಬ, ಅದಕ್ಕೆ ಹಗ್ಗ ಸುತ್ತಿದ ಕಡಗೋಲು, ಒರಳು, ಬೀಸೋ ಕಲ್ಲು, ಶ್ಯಾವಿಗೆ ಒತ್ತೋ ಒರಳು, ಮೆಟ್ಟುಗತ್ತಿ, ಉಪ್ಪಿನಕಾಯಿ ಭರಣಿಗಳ ಸಾಲು. ಅದರ ಪಕ್ಕ ಅಥವಾ ಸ್ವಲ್ಪ ಆಚೆಗೆ ಬಚ್ಚಲು ಮನೆ, ಗೋಡೆಗೆ ಸೇರಿಸಿ ಕಟ್ಟಿದ ಒಲೆ ಮೇಲೆ ತಾಮ್ರದ ಹಂಡೆ, ಮಳೆಗಾಲ ಪೂರ್ತಿ ಆ ಒಲೆ ಆರಲ್ಲ, ಗದ್ದೆಯಿಂದ ನೆನೆದು ಬಂದವರಿಗೆ ಕಾದ ನೀರು ಯಾವ ಹೊತ್ತಲ್ಲಾದ್ರೂ ಸಿಗ್ಬೇಕು.

ಈಗ ಅಡುಗೆಮನೇಲಿ ತಲೆ ಎತ್ತಿ ನೋಡು, ಇದು ಮುಖ್ಯ. ಒಲೆ ಮೇಲೆ ನೇರಕ್ಕೆ ಹೊಗೆ ಅಟ್ಟ. ಮಳೆಗಾಲಕ್ಕೆ ಬೇಕಾದ ಸೌದೆ, ಬೀಜದ ಭತ್ತ, ಸೌತೆಕಾಯಿ, ಬಿದಿರಿನ ಬುಟ್ಟಿ, ಮೊರ, ಕುಕ್ಕೆ, ಎಲ್ಲ ಅಲ್ಲಿ. ಹೊಗೆ ಹಿಡಿದ ಬುಟ್ಟಿಗೆ ಹುಳ ಬೀಳಲ್ಲ, ಬೀಜ ಮುಗ್ಗಲು ಬರಲ್ಲ. ಆ ಹೊಗೆ ಅಲ್ಲಿಗೇ ನಿಲ್ದೇ ಮೇಲೆ ಹೋಗಿ ಪಕಾಸಿ ರೀಪುಗಳ, ಅಂದ್ರೆ ಹಂಚು ಹೊರೋ ಮರದ ಪಟ್ಟಿಗಳ, ಸಂದಿ ಸಂದೀಲಿ ಹರಡಿ ಹಂಚಿನ ಸಂದಿಯಿಂದ ಆಚೆ ಹೋಗ್ತಿತ್ತು, ಹೋಗ್ತಾ ಹೋಗ್ತಾ ಮಾಡಿನ ಮರಕ್ಕೆಲ್ಲ ಕರಿ ಹಿಡಿಸ್ತಿತ್ತು. ನಮಗೆ ಅದು ಕೊಳೆ ಅನ್ನಿಸುತ್ತೆ. ಆ ಕರಿಯೇ ನೂರು ವರ್ಷ ಮರಾನ ಹುಳದಿಂದ ಕಾಯ್ತು. ದಿನಾ ಬೆಳಗ್ಗೆ ಒಲೆ ಹಚ್ಚೋದು ಅಂದ್ರೆ ಅನ್ನ ಬೇಯಿಸೋದರ ಜೊತೆಗೆ ಮನೆಗೂ ಔಷಧಿ ಹಾಕಿದ ಹಾಗೆ.

ಮ್ಯೂಸಿಯಂ ಆದ ಮನೇಲಿ ಒಲೆ ಉರಿಯಲ್ಲ. ಒಳಗೆ ಕಾಲಿಟ್ಟಾಗ ನನಗೆ ಮೊದಲು ತಟ್ಟೋದು ಅದೇ, ಎಲ್ಲ ಇದೆ, ಹೊಗೆ ವಾಸನೆ ಇಲ್ಲ. ಹಾಗಾಗಿ ಅಂಥಾ ಮನೆ ನೋಡ್ಕೊಳ್ಳೋರ ಕೆಲಸ ನಾವು ಅಂದ್ಕೊಂಡಿದ್ದಕ್ಕಿಂತ ಬಹಳ ಕಷ್ಟ. ಹೊಗೆ ಮಾಡ್ತಿದ್ದ ಕೆಲಸಾನ ಎಣ್ಣೆ ಹಚ್ಚಿ ಮಾಡ್ಬೇಕು, ಜನ ಓಡಾಡಿ ಸಾರಿಸಿ ಗುಡಿಸಿ ಕಣ್ಣಿಡ್ತಿದ್ದ ಕೆಲಸಾನ ಇಬ್ಬರೋ ಮೂವರೋ ಮಾಡ್ಬೇಕು. 2015ರ ನವೆಂಬರಲ್ಲಿ ಕವಿಮನೇಲಿ ಕಳ್ಳತನ ಆಗಿ ಕವಿಗೆ ಬಂದ ಪದ್ಮ ಪ್ರಶಸ್ತಿ ಪದಕ ಹೋದಾಗ ನಮ್ಮ ಕಡೆ ಮನೆಮನೇಲೂ ಸ್ವಂತ ಮನೇಲಿ ಕಳ್ಳತನ ಆದ ಹಾಗೆ ಸಂಕಟಪಟ್ರು. ನಲವತ್ತು ಜನ ಮಲಗ್ತಿದ್ದಂಥ ಮನೆ ರಾತ್ರಿ ಖಾಲಿ ಇರುತ್ತೆ ಅನ್ನೋದೇ ಆ ಮನೆಗೆ ಹೊಸದು.

ಒಂದು ವಸ್ತು ಮಾತ್ರ ಮಗನಿಗೆ ತೋರಿಸಿಲ್ಲ ಅಂದ್ರೆ ಇನ್ನೊಂದು ಸಲ ಕರ್ಕೊಂಡು ಹೋಗು. ಕುವೆಂಪು ಅವರ ಮದುವೆ ಮಂಟಪ. 1937ರ ಏಪ್ರಿಲ್ 30ಕ್ಕೆ ಹೇಮಾವತಿಯವರ ಜೊತೆ ಅವರ ಮದುವೆ ಆಗಿದ್ದು. ಪ್ರಶಸ್ತಿ, ಫೋಟೋ, ಪುಸ್ತಕದ ಮೊದಲ ಮುದ್ರಣ ಇವೆಲ್ಲ ಯಾವ ಮ್ಯೂಸಿಯಂ ಅಲ್ಲಾದ್ರೂ ಇರ್ಬಹುದು, ಮರದ ಮಂಟಪ ಮನೇಲಿ ಮಾತ್ರ ಉಳಿಯುತ್ತೆ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಹಳೇ ತೊಟ್ಟಿ ಮನೆ. ಅಣ್ಣ ತಮ್ಮಂದಿರು ಪಾಲಾಗಿದೀವಿ, ಮನೆ ನನ್ನ ಪಾಲಿಗೆ ಬಂದಿದೆ. ಗೋಡೆ ಅಲ್ಲಲ್ಲಿ ಉದುರ್ತಿದೆ, ಎರಡು ಕಡೆ ಸೋರ್ತಿದೆ. ಕಾಂಟ್ರಾಕ್ಟರ್ ಒಬ್ರು ಬಂದು ನೋಡಿ, ಕೆಡವಿ ಆರ್‌ಸಿಸಿ ಹಾಕಿ, ಇಲ್ಲಾಂದ್ರೆ ಪೂರ್ತಿ ಸಿಮೆಂಟ್ ಪ್ಲಾಸ್ಟರ್ ಮಾಡಿ ಅಂಗಳಕ್ಕೆ ಶೀಟ್ ಹೊದಿಸಿ ಅಂತಿದಾರೆ. ಮನೆಯವಳಿಗೆ ಕೆಡವೋಕೆ ಮನಸಿಲ್ಲ, ನನಗೂ ಇಲ್ಲ. ಏನ್ ಮಾಡ್ಲಿ?
– ಒಬ್ಬ ಓದುಗರು, ತೀರ್ಥಹಳ್ಳಿ ತಾಲೂಕು

ಉತ್ತರ: ಕೆಡವ್ಬೇಡಿ ಅಣ್ಣಾ. ನಿಮ್ಮ ಪತ್ರ ಓದಿ ನನಗೆ ನಿದ್ದೆ ಬರ್ಲಿಲ್ಲ, ಯಾಕಂದ್ರೆ ನಮ್ಮಜ್ಜನ ಮನೇನೂ ಹೀಗೇ ಹೋಯ್ತು, ಪಾಲಾಗಿ, ಸೋರಿ, ಯಾರೋ ಹೇಳಿದ್ರು ಅಂತ ಸಿಮೆಂಟ್ ಬಳಿದು, ಆಮೇಲೆ ಹತ್ತು ವರ್ಷಕ್ಕೆ ತೊಲೆ ತುದಿ ಪುಡಿ ಆಗಿ ಕೂತ್ಕೊಳ್ತು. ಹಾಗಾಗಿ ನಾನು ಅನುಭವಿಸಿದ್ದನ್ನೇ ಹೇಳ್ತೀನಿ.

ಮೊದಲು ಮಾಡು, ಗೋಡೆ ಆಮೇಲೆ. ಸೋರಿಕೆ ನಿಲ್ಲಿಸದೇ ಗೋಡೆಗೆ ಖರ್ಚು ಮಾಡಿದ್ದೆಲ್ಲ ನೀರಲ್ಲಿ ಹೋಮ. ನಿಮ್ಮ ಮನೆ ಹಂಚು ಯಾವುದು ನೋಡಿ, ಹಳೇ ನಾಡಹಂಚು ಆದ್ರೆ ಅರ್ಧ ಕೊಳವೆ ಥರ ಇರುತ್ತೆ, ಅದನ್ನ ವರ್ಷ ವರ್ಷ ಕೈಯಾಡಿಸ್ಬೇಕು, ಮಂಗ ಓಡಾಡಿದ್ರೂ ಸರಿಯುತ್ತೆ. ಮಂಗಳೂರು ಹಂಚು ಆದ್ರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತೆ, ಒಡೆದಿದ್ದನ್ನ ಮಾತ್ರ ಬದಲಾಯಿಸಿದ್ರೆ ಸಾಕು. ಈ ಹಂಚು ನಮ್ಮ ಕಡೆಗೆ ಬಂದಿದ್ದೇ 1865ರಲ್ಲಿ ಮಂಗಳೂರಲ್ಲಿ ಬಾಸೆಲ್ ಮಿಶನ್ನವರು ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ, ಆಗ ಘಟ್ಟದ ಕೆಳಗಿಂದ ಗಾಡಿ ಮೇಲೆ ತಂದು ಹೊದಿಸಿದ್ದು ಇವತ್ತಿಗೂ ಎಷ್ಟೋ ಮನೆ ಮೇಲೆ ಇದೆ. ಹಳೇ ಮನೆ ಬಿಚ್ಚೋ ಕಡೆ ವಿಚಾರಿಸಿ, ಅದೇ ಅಳತೆ ಹಂಚು ಸಿಗುತ್ತೆ. ಹಂಚು ತೆಗೆದಾಗ ರೀಪು ಪಕಾಸಿ ಒಂದೊಂದನ್ನೂ ಚಾಕು ಚುಚ್ಚಿ ನೋಡಿ, ಮೆತ್ತಗೆ ಒಳಗೆ ಹೋದ್ರೆ ಬದಲಾಯಿಸಿ, ಇಲ್ಲಾಂದ್ರೆ ಮುಟ್ಬೇಡಿ. ನೋಡೋಕೆ ಕಪ್ಪಾಗಿದೆ ಅಂತ ಒಳ್ಳೇ ಮರ ತೆಗೆಸಿ ಹೊಸ ಹಸಿ ಮರ ಹಾಕಿಸಿದವರನ್ನ ನೋಡಿದೀನಿ, ಮೂರೇ ವರ್ಷಕ್ಕೆ ಡೊಂಕಾಯ್ತು.

ಎರಡನೇದು ಸಿಮೆಂಟ್. ದಯವಿಟ್ಟು ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬೇಡ. ಮಣ್ಣಿನ ಗೋಡೆ ಉಸಿರಾಡುತ್ತೆ, ಮಳೆಗಾಲದಲ್ಲಿ ತೇವ ಹೀರುತ್ತೆ, ಬೇಸಿಗೇಲಿ ಬಿಡುತ್ತೆ. ಸಿಮೆಂಟ್ ಅದರ ಮೂಗು ಮುಚ್ಚುತ್ತೆ. ನೆಲದಿಂದ ಏರಿದ ತೇವ ಹೊರಗೆ ಹೋಗೋಕೆ ಆಗ್ದೇ ಒಳಗೇ ನಿಂತು ಗೋಡೆ ಮೆತ್ತಗಾಗುತ್ತೆ, ಮಣ್ಣು ಒಂದು ಥರ ಉಬ್ಬಿ ಕುಗ್ಗುತ್ತೆ ಸಿಮೆಂಟ್ ಇನ್ನೊಂದು ಥರ, ಕೊನೆಗೆ ಪ್ಲಾಸ್ಟರ್ ಹಪ್ಪಳದ ಹಾಗೆ ಎದ್ದು ಬರುತ್ತೆ, ಬರೋವಾಗ ಗೋಡೆ ಮೈಯನ್ನೂ ಕಿತ್ಕೊಂಡು ಬರುತ್ತೆ. ಎಲ್ಲಕ್ಕಿಂತ ಕೆಟ್ಟದ್ದು ಗೋಡೆ ಒಳಗೆ ಹುಗಿದಿರೋ ತೊಲೆ ತುದಿಗಳದ್ದು, ಅವು ಯಾರ ಕಣ್ಣಿಗೂ ಬೀಳದ ಹಾಗೆ ಕೊಳೆಯುತ್ತೆ. ನಮ್ಮನೇದು ಹೋಗಿದ್ದು ಹಾಗೇ. ಉದುರಿದ ಕಡೆ ಅದೇ ಮಣ್ಣು, ಮರಳು, ಸಣ್ಣಗೆ ಕತ್ತರಿಸಿದ ಹುಲ್ಲು ಕಲಸಿ ವಾರ ಹುಳಿ ಬರಿಸಿ ತುಂಬಿಸಿ, ಮೇಲೆ ಸುಣ್ಣದ ಗಾರೆ, ಆಮೇಲೆ ಸುಣ್ಣ ಬಳಿಸಿ. ಈ ಕೆಲಸ ಗೊತ್ತಿರೋ ವಯಸ್ಸಾದವರು ನಿಮ್ಮ ಸುತ್ತಮುತ್ತ ಊರಲ್ಲಿ ಇನ್ನೂ ಇರ್ತಾರೆ, ಅವರ ಜೊತೆ ಇಬ್ಬರು ಹುಡುಗರನ್ನ ಹಾಕಿ ಕಲಿಸಿ, ಮುಂದಿನ ಸಲ ನಿಮಗೇ ಬೇಕಾಗ್ತಾರೆ.

ಅಂಗಳಕ್ಕೆ ಶೀಟ್ ಹೊದಿಸೋದು. ಮಳೆಗಾಲದಲ್ಲಿ ಕೆಲಸಕ್ಕೆ ಅನುಕೂಲ ಅನ್ನೋದು ಗೊತ್ತು, ವಯಸ್ಸಾದವರು ಜಾರಿ ಬೀಳ್ತಾರೆ ಅನ್ನೋದೂ ಗೊತ್ತು. ಆದ್ರೆ ಶೀಟ್ ಹಾಕಿದ ದಿನದಿಂದ ನಿಮ್ಮ ಮನೆಯ ಗಾಳಿ ನಿಂತು ಹೋಗುತ್ತೆ, ಬೇಸಿಗೇಲಿ ಕಾವು ಒಳಗೇ ಸುತ್ತುತ್ತೆ. ಹಾಕ್ಲೇಬೇಕು ಅಂದ್ರೆ ಮಾಡಿನ ಮಟ್ಟಕ್ಕಿಂತ ಎರಡು ಮೂರು ಅಡಿ ಎತ್ತರಕ್ಕೆ, ನಾಲ್ಕೂ ಪಕ್ಕ ಗಾಳಿಗೆ ಪೂರ್ತಿ ಬಿಟ್ಟು, ಸ್ವಲ್ಪ ಭಾಗ ಬೆಳಕು ಬಿಡೋ ಶೀಟ್ ಹಾಕಿಸಿ. ಹಳೇ ನೀರಿನ ಕಂಡಿ ಮಾತ್ರ ಮುಚ್ಚಿಸ್ಬೇಡಿ, ಎಲ್ಲಾದ್ರೂ ಸೋರಿದ್ರೆ ನೀರಿಗೆ ದಾರಿ ಬೇಕು.

ಗ್ಯಾಸ್ ಬಂದ ಮೇಲೆ ಅಡುಗೆಮನೆ ಒಲೆ ಹಚ್ಚದೇ ಎಷ್ಟು ವರ್ಷ ಆಯ್ತು ಅಂತ ನೀವು ಬರೆದಿಲ್ಲ. ಅಡುಗೆಗೆ ಗ್ಯಾಸೇ ಇರ್ಲಿ, ಹೆಂಗಸರ ಕಣ್ಣು ಶ್ವಾಸಕೋಶ ಮತ್ತೆ ಆ ಹೊಗೆಗೆ ಹೋಗೋದು ಬೇಡ. ಬಚ್ಚಲ ಒಲೆ ಆದ್ರೂ ದಿನಾ ಹಚ್ಚಿ, ವಾರಕ್ಕೊಂದು ಸಲ ಮನೆಯವರೆಲ್ಲ ಆಚೆ ಇರೋವಾಗ ಹಳೇ ಒಲೇಲಿ ಹಸಿ ಸೊಪ್ಪು ಹಾಕಿ, ಒಬ್ರು ಬೆಂಕಿ ಕಾಯ್ತಾ ಇದ್ದು, ಒಂದು ಗಂಟೆ ಹೊಗೆ ಹಾಕಿ. ಮುಚ್ಚಿಟ್ಟ ಕೋಣೆಗಳ ಬಾಗಿಲು ದಿನಾ ತೆಗೀರಿ. ನಿಮ್ಮ ಇಬ್ಬರಿಗೆ ಅಷ್ಟು ಕೋಣೆ ಬೇಡ ಅಂದ್ರೂ ಒಂದೊಂದರಲ್ಲೂ ಏನಾದ್ರೂ ಕೆಲಸ ಇಟ್ಕೊಳ್ಳಿ, ಒಂದರಲ್ಲಿ ಅಡಿಕೆ, ಒಂದರಲ್ಲಿ ಪುಸ್ತಕ, ಒಂದರಲ್ಲಿ ಹೊಲಿಗೆ ಮಿಶನ್. ಪಾಲಾದ ಅಣ್ಣ ತಮ್ಮಂದಿರನ್ನ ವರ್ಷಕ್ಕೊಮ್ಮೆ ಹಬ್ಬಕ್ಕೆ ಅಲ್ಲಿಗೇ ಕರೀರಿ, ಹಂಚು ಕೈಯಾಡಿಸೋ ಖರ್ಚಿಗೆ ಅವರೂ ಕೈ ಸೇರಿಸ್ಬಹುದು, ಕೇಳಿ ನೋಡಿ, ಕೇಳೋದ್ರಲ್ಲಿ ತಪ್ಪಿಲ್ಲ.

ಪ್ರಶ್ನೆ: ಶಾಲೆಯಿಂದ ಮಕ್ಕಳನ್ನ ಒಂದು ದಿನದ ಟೂರಿಗೆ ಕುಪ್ಪಳಿಗೆ ಕರ್ಕೊಂಡು ಹೋಗ್ಬೇಕು ಅಂತಿದೀವಿ. ಮಳೆಗಾಲ ಆಗುತ್ತಾ? ಏನೇನು ತೋರಿಸ್ಬೇಕು?
– ಶಿಕ್ಷಕರು, ಶಿಕಾರಿಪುರ

ಉತ್ತರ: ಸಾರ್, ಆಷಾಢದ ಜಡಿಮಳೆ ಬಿಟ್ಟು ಹೋಗಿ, ಹಾಗಂತ ಮಳೆ ಪೂರ್ತಿ ತಪ್ಪಿಸ್ಬೇಡಿ. ಸೆಪ್ಟೆಂಬರ್ ಆದ್ರೆ ನಡುನಡುವೆ ಬಿಸಿಲೂ ಇರುತ್ತೆ, ಒಂದೆರಡು ಮಳೆನೂ ಸಿಗುತ್ತೆ. ತೀರ್ಥಹಳ್ಳಿ-ಕೊಪ್ಪ ರಸ್ತೇಲಿ ಗಡಿಕಲ್ಲಲ್ಲಿ ತಿರುಗ್ಬೇಕು. ಕವಿ ಹುಟ್ಟಿದ್ದು 1904ರ ಡಿಸೆಂಬರ್ 29ಕ್ಕೆ, ಕೊಪ್ಪ ತಾಲೂಕು ಹಿರೇಕೊಡಿಗೆಯ ತಾಯಿ ಮನೇಲಿ, ಬೆಳೆದಿದ್ದು ಕುಪ್ಪಳಿ ಮನೇಲಿ, ಇದನ್ನ ಬಸ್ಸಲ್ಲೇ ಹೇಳ್ಬಿಡಿ, ಯಾಕಂದ್ರೆ ಬಹಳ ಮಕ್ಕಳು ಹುಟ್ಟಿದ್ದೂ ಇದೇ ಮನೆ ಅಂತ ಬರೀತಾರೆ.

ಮನೆ ನೋಡಿದ ಮೇಲೆ ಮೇಲಕ್ಕೆ ಕವಿಶೈಲ ಅನ್ನೋ ಗುಡ್ಡ, ನಡ್ಕೊಂಡೇ ಹೋಗಿ. ದಾರೀಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕ ಸಿಗುತ್ತೆ. ಮೇಲೆ ಕವಿಯ ಸಮಾಧಿ, ಸುತ್ತ ಎತ್ತಿ ನಿಲ್ಲಿಸಿರೋ ಭಾರಿ ಕಲ್ಲುಗಳ ವಿನ್ಯಾಸ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರದ್ದು, ಶಿಲಾಯುಗದ ಬೃಹತ್ ಶಿಲೆಗಳನ್ನ ನೆನಪಿಸೋ ಥರ. ಅಲ್ಲೇ ಬಂಡೆ ಮೇಲೆ 1936ರಲ್ಲಿ ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ ಬಂದಿದ್ದಾಗ ಕೆತ್ತಿದ ಹೆಸರುಗಳಿವೆ, ಮಕ್ಕಳಿಗೆ ಹುಡುಕೋಕೆ ಬಿಡಿ, ಅದರ ಪಕ್ಕದಲ್ಲಿ ತಮ್ಮ ಹೆಸರು ಗೀಚೋಕೆ ಮಾತ್ರ ಬಿಡ್ಬೇಡಿ.

ಮನೆ ಒಳಗೆ ಸಾಲು ಮಾಡಿ ಓಡಿಸ್ಬೇಡಿ ಸಾರ್, ನಾನು ಕೇಳ್ಕೊಳ್ಳೋದು ಇದೊಂದೇ. ಹೆಚ್ಚಿನ ಶಾಲೆ ಟೂರುಗಳು ಇಪ್ಪತ್ತು ನಿಮಿಷದಲ್ಲಿ ಮೂರು ಅಂತಸ್ತು ಹತ್ತಿ ಇಳಿದು ಬರ್ತವೆ. ಹತ್ತು ಹತ್ತು ಮಕ್ಕಳ ಗುಂಪು ಮಾಡಿ, ಒಂದು ಗುಂಪಿಗೆ ನೀರು ಹೋಗೋ ದಾರಿ ಹುಡುಕೋ ಕೆಲಸ, ಇನ್ನೊಂದಕ್ಕೆ ಕಂಬ ಎಣಿಸಿ ಒಂದು ಬೋದಿಗೆ ಚಿತ್ರ ಬರೆಯೋದು, ಮತ್ತೊಂದಕ್ಕೆ ಮನೆ ಸಾಮಾನಲ್ಲಿ ತಮ್ಮ ಅಜ್ಜಿ ಮನೇಲಿ ಇನ್ನೂ ಬಳಸೋದು ಯಾವುದು ಅಂತ ಪಟ್ಟಿ. ನಿಮ್ಮ ಪುಣ್ಯಕ್ಕೆ ಆ ಹೊತ್ತಿಗೆ ಮಳೆ ಬಂತು ಅಂದ್ರೆ ಎಲ್ಲ ಬಿಟ್ಟು ಅಲ್ಲಿಯವರ ಒಪ್ಪಿಗೆ ಕೇಳಿ ಜಗಲಿ ಮೇಲೆ ಕೂರಿಸಿ, ನಾಲ್ಕೂ ಸೂರಿಂದ ಅಂಗಳಕ್ಕೆ ನೀರು ಬೀಳೋದು ನೋಡ್ಲಿ.

ಕವಿಶೈಲಕ್ಕೆ ಹತ್ತೋ ಮಕ್ಕಳಿಗೆ ಉಂಬಳ, ಅಂದ್ರೆ ಜಿಗಣೆ, ಹತ್ತುತ್ತೆ, ಹೆದರ್ಕೊಳ್ಳೋದು ಬೇಡ. ಒಂದು ಬಟ್ಟೇಲಿ ಉಪ್ಪು ಕಟ್ಕೊಂಡು ಹೋಗಿ, ಮುಟ್ಟಿಸಿದ್ರೆ ಬಿದ್ದು ಹೋಗುತ್ತೆ. ಎಲ್ಲರಿಗೂ ಒಂದೊಂದು ಜೊತೆ ಹೆಚ್ಚಿಗೆ ಸಾಕ್ಸ್ ತರೋಕೆ ಹೇಳಿ.